30 ಸಾವಿರದ ತೆಳ್ಳನೆಯ ಲ್ಯಾಪ್‌ಟಾಪ್: ಸಿಗುವುದೇನು, ಕಳೆದುಕೊಳ್ಳುವುದೇನು?

ಮಗಳಿಗೆ ಸೀಟು ಸಿಕ್ಕ ಸುದ್ದಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದರೆ ಸಾಕು, ಅದರ ಹಿಂದೆಯೇ ಇಂಥದ್ದೊಂದು ಮೆಸೇಜ್ ಬರುತ್ತದೆ: "ಬರೀ 28 ಸಾವಿರ! ಪುಸ್ತಕದಷ್ಟು ತೆಳ್ಳಗಿದೆ, 8 ಕೋರ್, 10 ಗಂಟೆ ಬ್ಯಾಟರಿ. ರ‍್ಯಾಮ್ ಕಡಿಮೆ ಅನ್ನಿಸಿದರೆ ಆಮೇಲೆ ಹಾಕಿಸಿಕೊಳ್ಳಬಹುದು."

ನಮ್ಮ ತಂಡದ ಒಬ್ಬರ ಚಿಕ್ಕಪ್ಪ ಹೀಗೇ ನಂಬಿ ಕಂತಿನ ಮೇಲೆ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಕೊಡಿಸಿದರು. ಎರಡನೇ ಸೆಮಿಸ್ಟರ್‌ಗೆ ಬರುವ ಹೊತ್ತಿಗೆ ಆನ್‌ಲೈನ್ ಕ್ಲಾಸ್ ಮತ್ತು ವರ್ಡ್ ಫೈಲ್ ಒಟ್ಟಿಗೆ ತೆರೆದರೆ ಸಾಕು, ಯಂತ್ರ ನಿಂತೇ ಬಿಡುತ್ತಿತ್ತು. ರ‍್ಯಾಮ್ ಹಾಕಿಸಲು ಅಂಗಡಿಗೆ ಒಯ್ದಾಗ ಮೆಕ್ಯಾನಿಕ್ ಹೇಳಿದ್ದು ಇಷ್ಟೇ: "ಇದಕ್ಕೆ ಆಗಲ್ಲ ಸರ್, ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ." ಕಂತು ಇನ್ನೂ ಒಂಬತ್ತು ತಿಂಗಳು ಬಾಕಿ ಇತ್ತು.

ಹಾಗಾದರೆ ಅಗ್ಗದ ತೆಳು ಲ್ಯಾಪ್‌ಟಾಪ್‌ಗಳೆಲ್ಲ ಮೋಸವೇ? ಖಂಡಿತ ಅಲ್ಲ. ಆದರೆ ಬೆಲೆ ಇಳಿಸಲು ಕಂಪನಿಗಳು ಎಲ್ಲೆಲ್ಲಿ ಕೈ ಬಿಗಿ ಹಿಡಿದಿವೆ ಎಂಬುದನ್ನು ತಿಳಿದು ಕೊಳ್ಳಬೇಕು.

ತೆಳ್ಳಗಾದದ್ದು ಹೇಗೆ?

2008ರಲ್ಲಿ ಸ್ಟೀವ್ ಜಾಬ್ಸ್ ಒಂದು ಕಾಗದದ ಕವರಿನಿಂದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದಾಗ ತೆಳ್ಳನೆಯ ಲ್ಯಾಪ್‌ಟಾಪ್ ಎಂದರೆ ಶ್ರೀಮಂತರ ವಸ್ತು. 2011ರಲ್ಲಿ ಇಂಟೆಲ್ ಕಂಪನಿ 'ಅಲ್ಟ್ರಾಬುಕ್' ಎಂಬ ಹೆಸರು ತಂದಾಗಲೂ ಬೆಲೆ ಹೆಚ್ಚೇ ಇತ್ತು. ನಂತರ ಡಿವಿಡಿ ಡ್ರೈವ್ ಹೋಯಿತು, ತಿರುಗುವ ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂತು, ಕಡಿಮೆ ವಿದ್ಯುತ್ ಸಾಕಾಗುವ ಪ್ರೊಸೆಸರ್‌ಗಳು ಅಗ್ಗವಾದವು. ಇಂದು 30 ಸಾವಿರದ ಆಸುಪಾಸಿನಲ್ಲೂ ಒಂದೂವರೆ ಕಿಲೋ ತೂಕದ ಲ್ಯಾಪ್‌ಟಾಪ್ ಸಿಗುತ್ತದೆ.

ನಿಜವಾದ ಲಾಭಗಳು

ಹಾಸ್ಟೆಲ್‌ನಿಂದ ಕಾಲೇಜಿಗೆ, ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ದಿನಾ ಹೊರುವವರಿಗೆ ಅರ್ಧ ಕಿಲೋ ತೂಕ ಇಳಿಯುವುದೂ ದೊಡ್ಡದೇ. ಎಸ್‌ಎಸ್‌ಡಿ ಇರುವುದರಿಂದ ಹಳೆಯ ಹಾರ್ಡ್ ಡಿಸ್ಕ್ ಕಾಲದಂತೆ ಆನ್ ಮಾಡಿ ಟೀ ಕುಡಿದು ಬರುವವರೆಗೆ ಕಾಯಬೇಕಿಲ್ಲ. ಕೆಲವು ಮಾದರಿಗಳಲ್ಲಿ ಫ್ಯಾನೇ ಇಲ್ಲ, ಸದ್ದಿಲ್ಲ, ಧೂಳೂ ಕಡಿಮೆ. ಕರೆಂಟ್ ಹೋದಾಗ ಡೆಸ್ಕ್‌ಟಾಪ್‌ನಂತೆ ತಟ್ಟನೆ ಆಫ್ ಆಗುವುದಿಲ್ಲ. ಟೈಪಿಂಗ್, ಆನ್‌ಲೈನ್ ಕ್ಲಾಸ್, ಎಕ್ಸೆಲ್ ಲೆಕ್ಕ, ಅರ್ಜಿ ತುಂಬುವುದು, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿ ಇಷ್ಟಕ್ಕೆ ಇವು ಚೆನ್ನಾಗಿಯೇ ಸಾಕು.

"ರ‍್ಯಾಮ್ ಆಮೇಲೆ ಹಾಕಿಸಿಕೊಳ್ಳಬಹುದು" ಎಂಬುದು ನಿಜವೇ?

ಎಲ್ಲದರಲ್ಲೂ ಅಲ್ಲ. ರ‍್ಯಾಮ್ ಸಿಕ್ಕಿಸುವ ಸ್ಲಾಟ್ ಇಟ್ಟರೆ ಒಳಗೆ ಎತ್ತರ ಬೇಕಾಗುತ್ತದೆ. ಆದ್ದರಿಂದ ಅನೇಕ ತೆಳು ಮಾದರಿಗಳಲ್ಲಿ ರ‍್ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಕೆಲವದರಲ್ಲಿ ಒಂದು ಭಾಗ ಬೆಸೆದು ಇನ್ನೊಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ಇದನ್ನು ಅಂಗಡಿಯಲ್ಲೇ ನೋಡಬಹುದು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಒತ್ತಿದರೆ 'ಫಾರ್ಮ್ ಫ್ಯಾಕ್ಟರ್' ಎಂಬ ಸಾಲು ಕಾಣುತ್ತದೆ. ಅಲ್ಲಿ 'ರೋ ಆಫ್ ಚಿಪ್ಸ್' ಎಂದಿದ್ದರೆ ರ‍್ಯಾಮ್ ಬೆಸೆದದ್ದು ಎಂದರ್ಥ. ಬೇರೆ ಖಾಲಿ ಸ್ಲಾಟ್ ಇದೆಯೇ ಎಂದು ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾದರಿಯ ವಿವರ ತೆರೆದು ಖಾತ್ರಿ ಮಾಡಿಕೊಳ್ಳಿ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಅದು ಯಂತ್ರ ಶುರುವಾಗಲು ಬೇಕಾದ ಅಳತೆಯೇ ಹೊರತು ಆರಾಮವಾಗಿ ಕೆಲಸ ಮಾಡಲು ಬೇಕಾದದ್ದಲ್ಲ. ನಮ್ಮ ಸಲಹೆ: 8 ಜಿಬಿಗಿಂತ ಕಡಿಮೆ ಬೇಡ. ಬೆಸೆದ ರ‍್ಯಾಮ್ ಆದರೆ, ನಾಲ್ಕು ವರ್ಷ ಬಳಸುವ ಯೋಚನೆ ಇದ್ದರೆ, ಸಾಧ್ಯವಾದಷ್ಟೂ 16 ಜಿಬಿ ನೋಡಿ.

"8 ಕೋರ್ ಇದೆ, ಆದ್ದರಿಂದ ವೇಗ ಹೆಚ್ಚು"

ಇದು ಅರ್ಧ ಸತ್ಯ. ಎಂಟು ಜನ ಹುಡುಗರು ಸೇರಿದರೂ ಇಬ್ಬರು ಪಳಗಿದ ಆಳುಗಳ ಕೆಲಸಕ್ಕೆ ಎಲ್ಲ ಸಲವೂ ಸಾಟಿಯಾಗುವುದಿಲ್ಲ. ಇಂಟೆಲ್‌ನ ಐ3-ಎನ್305ರಲ್ಲಿ 8 ಕೋರ್‌ಗಳಿವೆ, ಆದರೆ ಎಲ್ಲವೂ ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು. ಐ3-1215ಯುನಲ್ಲಿ ಇರುವುದು 6, ಆದರೆ ಅವುಗಳಲ್ಲಿ 2 ದೊಡ್ಡ ಕೋರ್‌ಗಳು. ದಿನನಿತ್ಯದ ಬಹಳಷ್ಟು ಕೆಲಸ ಒಂದೆರಡು ಕೋರ್‌ಗಳ ಮೇಲೆಯೇ ನಡೆಯುವುದರಿಂದ ಎರಡನೆಯದೇ ಚುರುಕು. ಎರಡರ ಹೆಸರಿನಲ್ಲೂ 'ಐ3' ಇದೆ, ಗೊಂದಲ ಹುಟ್ಟುವುದು ಅಲ್ಲೇ.

ಎಎಂಡಿಯಲ್ಲೂ ಇಂಥದ್ದೇ ಕಥೆ. ರೈಜೆನ್ 5 7520ಯು ಎಂಬ ಹೆಸರು ನೋಡಿದರೆ ಹೊಸದೆನಿಸುತ್ತದೆ. ಈ 7000 ಸಾಲಿನಲ್ಲಿ ಮೂರನೇ ಅಂಕಿ ಒಳಗಿನ ವಿನ್ಯಾಸವನ್ನು ಹೇಳುತ್ತದೆ. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. 7530ಯು ಆದರೆ ಅದಕ್ಕಿಂತ ಹೊಸದಾದ ಝೆನ್ 3. ಆದ್ದರಿಂದ ಜಾಹೀರಾತಿನ ದಪ್ಪ ಅಕ್ಷರ ಬಿಟ್ಟು ಪೂರ್ತಿ ಮಾದರಿ ಸಂಖ್ಯೆ ಓದಿ.

ಸ್ಟೋರೇಜ್: ಎರಡು ಬಗೆಯ ಗೊಂದಲ

ಬಹಳ ಅಗ್ಗದ ಮಾದರಿಗಳಲ್ಲಿ ಎಸ್‌ಎಸ್‌ಡಿ ಬದಲು 'ಇಎಂಎಂಸಿ' ಎಂಬ ಸ್ಟೋರೇಜ್ ಇರುತ್ತದೆ. ಇದು ಅಗ್ಗದ ಫೋನ್‌ಗಳಲ್ಲಿ ಬಳಸುವಂಥದ್ದು. ಇದರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 400 ಎಂಬಿ. ಎನ್‌ವಿಎಂಇ ಎಸ್‌ಎಸ್‌ಡಿಗಳು ಸಾವಿರಾರು ಎಂಬಿ ಮುಟ್ಟುತ್ತವೆ. ಇಎಂಎಂಸಿಯೂ ಸಾಮಾನ್ಯವಾಗಿ ಬೋರ್ಡಿಗೆ ಬೆಸೆದದ್ದೇ. 64 ಜಿಬಿ ಇಎಂಎಂಸಿ ಇರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕೆಲವೇ ತಿಂಗಳಲ್ಲಿ ಅಪ್‌ಡೇಟ್‌ಗೂ ಜಾಗ ಸಾಲದಾಗುತ್ತದೆ.

ಇನ್ನೊಂದು ಫಾರ್ವರ್ಡ್: "512 ಜಿಬಿ ಎಂದು ಕೊಟ್ಟು 476 ಜಿಬಿ ಮಾತ್ರ ಹಾಕಿದ್ದಾರೆ, ಎಚ್ಚರ!" ಇದು ಸುಳ್ಳು. ಕಂಪನಿಗಳು ಒಂದು ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಲೆಕ್ಕ ಹಿಡಿಯುತ್ತವೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದೇ ಜಾಗ ಎರಡು ಅಳತೆಯಲ್ಲಿ ಎರಡು ಸಂಖ್ಯೆಯಾಗಿ ಕಾಣುತ್ತದೆ, ಅಷ್ಟೇ. ಅಂಗಡಿಯವರ ಜತೆ ಜಗಳ ಬೇಡ.

10 ಗಂಟೆ ಬ್ಯಾಟರಿ ಬರುತ್ತದೆಯೇ?

ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ನಲ್ಲಿ ಬರೆದಿರುತ್ತಾರೆ. ಲೆಕ್ಕ ಸುಲಭ. 40 ವ್ಯಾಟ್-ಅವರ್ ಬ್ಯಾಟರಿ ಇದೆ ಎಂದುಕೊಳ್ಳಿ. ಬೆಳಕು ತಗ್ಗಿಸಿ ವಿಡಿಯೋ ನೋಡುವಾಗ 4 ವ್ಯಾಟ್ ಖರ್ಚಾದರೆ 10 ಗಂಟೆ. ವೈಫೈ ಹಾಕಿ ಬ್ರೌಸರ್‌ನಲ್ಲಿ ಕೆಲಸ ಮಾಡುವಾಗ 8 ವ್ಯಾಟ್ ಖರ್ಚಾದರೆ 5 ಗಂಟೆ. ವಿಡಿಯೋ ಕಾಲ್‌ನಲ್ಲಿ 16 ವ್ಯಾಟ್ ಆದರೆ ಎರಡೂವರೆ ಗಂಟೆ. ತೆಳ್ಳಗಿದ್ದರೆ ಬ್ಯಾಟರಿ ಹೆಚ್ಚು ಬರುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ತೆಳ್ಳಗಾದಷ್ಟೂ ಬ್ಯಾಟರಿ ಇಡಲು ಒಳಗೆ ಜಾಗ ಕಡಿಮೆ.

ಬಿಸಿಯ ಸಮಸ್ಯೆಯೂ ಇಲ್ಲಿಂದಲೇ. ಶಾಖ ಹೊರಹೋಗಲು ದಾರಿ ಕಿರಿದಾದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಮೊದಲ ಐದು ನಿಮಿಷ ಚುರುಕಾಗಿದ್ದ ಲ್ಯಾಪ್‌ಟಾಪ್ ಬೇಸಿಗೆಯ ಮಧ್ಯಾಹ್ನ ದೊಡ್ಡ ಕೆಲಸ ಕೊಟ್ಟಾಗ ನಿಧಾನವಾಗುವುದು ಇದಕ್ಕೇ. ಹಾಸಿಗೆ, ದಿಂಬಿನ ಮೇಲೆ ಇಟ್ಟು ಬಳಸಿದರೆ ಗಾಳಿಯ ದಾರಿ ಮುಚ್ಚಿ ಇನ್ನೂ ಕಷ್ಟ.

ಯಾರಿಗೆ ಬೇಡ?

ಸಿವಿಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ತ್ರೀಡಿ ವಿನ್ಯಾಸ, ವಿಡಿಯೋ ಎಡಿಟಿಂಗ್, ದೊಡ್ಡ ಗೇಮ್‌ಗಳು ಇವಕ್ಕೆಲ್ಲ ಒಳ್ಳೆಯ ಗ್ರಾಫಿಕ್ಸ್ ಮತ್ತು ತಂಪು ಬೇಕು. ಇವೆರಡೂ ಅಗ್ಗದ ತೆಳು ಲ್ಯಾಪ್‌ಟಾಪ್‌ನಲ್ಲಿ ಇರುವುದಿಲ್ಲ. ಅಂಥವರು ಮೊದಲ ಸೆಮಿಸ್ಟರ್ ಕಾಲೇಜಿನ ಲ್ಯಾಬ್ ಬಳಸಿ, ಯಾವ ಸಾಫ್ಟ್‌ವೇರ್ ಬೇಕು ಎಂದು ಸೀನಿಯರ್‌ಗಳನ್ನು ಕೇಳಿ ಆಮೇಲೆ ಕೊಂಡರೆ ದುಡ್ಡು ಉಳಿಯುತ್ತದೆ.

ಅದೇ ಬೆಲೆಗೆ ಕಚೇರಿಗಳಲ್ಲಿ ಬಳಸಿ ಬಿಟ್ಟ, ಸರಿಪಡಿಸಿದ ಲ್ಯಾಪ್‌ಟಾಪ್‌ಗಳೂ ಸಿಗುತ್ತವೆ. ಸ್ವಲ್ಪ ಭಾರ, ಆದರೆ ಗಟ್ಟಿ. ರ‍್ಯಾಮ್ ಬದಲಿಸುವ ಅವಕಾಶವೂ ಹಲವದರಲ್ಲಿ ಇದೆ. ಒಂದು ಎಚ್ಚರಿಕೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿದ್ದರೆ ಮಾತ್ರ ವಿಂಡೋಸ್ 11 ಅಧಿಕೃತವಾಗಿ ನಡೆಯುತ್ತದೆ. 6ನೇ ತಲೆಮಾರಿನ ಐ7ನ್ನು "ಐ7 ಬರೀ 18 ಸಾವಿರ" ಎಂದು ಮಾರಿದರೆ ಮರುಳಾಗಬೇಡಿ.

ಇನ್ನು "ಕೇಂದ್ರ ಸರ್ಕಾರ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಲ್ಯಾಪ್‌ಟಾಪ್ ಕೊಡುತ್ತಿದೆ, ಈ ಲಿಂಕ್ ಒತ್ತಿ" ಎಂಬ ಮೆಸೇಜ್. ಇಂಥವನ್ನು ಪಿಐಬಿಯ ಫ್ಯಾಕ್ಟ್ ಚೆಕ್ ವಿಭಾಗ ಹಲವು ಸಲ ನಕಲಿ ಎಂದು ಹೇಳಿದೆ. ಆಧಾರ್, ಬ್ಯಾಂಕ್ ವಿವರ ತುಂಬಬೇಡಿ.

ಕೊಳ್ಳುವ ಮುನ್ನ ಐದು ಪ್ರಶ್ನೆ

1. ರ‍್ಯಾಮ್ ಎಷ್ಟು, ಬೆಸೆದದ್ದೋ ಹೆಚ್ಚಿಸಬಹುದೋ?
2. ಎಸ್‌ಎಸ್‌ಡಿಯೋ ಇಎಂಎಂಸಿಯೋ?
3. ಪ್ರೊಸೆಸರ್‌ನ ಪೂರ್ತಿ ಮಾದರಿ ಸಂಖ್ಯೆ ಏನು?
4. ಪರದೆ ಐಪಿಎಸ್ ಬಗೆಯದೇ? ಪಕ್ಕದಿಂದ ನೋಡಿದಾಗ ಬಣ್ಣ ಮಾಸುತ್ತದೆಯೇ?
5. ನಮ್ಮ ಊರಿನಲ್ಲಿ ಅಥವಾ ಹತ್ತಿರದ ಪಟ್ಟಣದಲ್ಲಿ ಸರ್ವಿಸ್ ಸೆಂಟರ್ ಇದೆಯೇ?

ಚಿಕ್ಕಪ್ಪನ ಮಗಳು ಆ ಲ್ಯಾಪ್‌ಟಾಪನ್ನೇ ಬಳಸುತ್ತಿದ್ದಾಳೆ, ಒಂದು ಸಲಕ್ಕೆ ಒಂದೇ ಕಿಟಕಿ ತೆರೆದುಕೊಂಡು. ಮೊದಲ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಲು ಎರಡು ನಿಮಿಷ ಸಾಕಿತ್ತು. ನಿಮ್ಮ ಗ್ರೂಪಿನಲ್ಲಿ ಈ ವರ್ಷ ಕಾಲೇಜು ಸೇರುವವರಿದ್ದರೆ, ಆ 28 ಸಾವಿರದ ಮೆಸೇಜ್ ಬದಲು ಈ ಐದು ಪ್ರಶ್ನೆಗಳನ್ನು ಕಳಿಸಿ.