‘ಕಾಲೋನಿ’ಯ ಅರ್ಥ ಕೇಳುತ್ತಿದ್ದೇವೆ

ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅವ್ವಂದಿರಿಗೂ ಗೊತ್ತಿರುವ ಇಂಗ್ಲಿಷ್ ಪದ ಒಂದಿದೆ. ಅದು ‘ಕಾಲೋನಿ’. ಅವರ ಬಾಯಲ್ಲಿ ‘ಕಾಲ್ನಿ’. ಬಸ್ಸು, ಲೈಟು, ಓಟು, ರೇಷನ್ನು ಬಂದ ಹಾಗೆಯೇ ಇದೂ ಬಂತು. ವ್ಯತ್ಯಾಸ ಒಂದೇ. ಬಸ್ಸು ಊರಿಗೂ ಬಂತು, ಲೈಟು ಊರಿಗೂ ಬಂತು. ಕಾಲೋನಿ ಮಾತ್ರ ಊರಿಗೆ ಬರಲಿಲ್ಲ, ನಮಗಷ್ಟೇ ಬಂತು.

ಆನೇಕಲ್, ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ಕಡೆಯ ಹಳ್ಳಿಗೆ ಹೋಗಿ, ಅರಳಿಕಟ್ಟೆ ಮೇಲೆ ಕೂತವರನ್ನು ‘ಕಾಲೋನಿ ಎಲ್ಲಪ್ಪಾ?’ ಅಂತ ಕೇಳಿ ನೋಡಿ. ಯಾವ ಕಾಲೋನಿ, ಯಾರ ಕಾಲೋನಿ ಅಂತ ಯಾರೂ ತಿರುಗಿ ಕೇಳುವುದಿಲ್ಲ. ಕೈ ತೋರಿಸುತ್ತಾರೆ. ಆ ಕೈ ಊರಿನ ಹೊರಕ್ಕೇ ತಿರುಗುತ್ತದೆ. ಇನ್ನು ನಿಘಂಟು ತೆಗೆದು ನೋಡಿ. ಕಾಲೋನಿ ಅಂದರೆ ವಸಾಹತು, ಹೊಸದಾಗಿ ಬಂದವರು ನೆಲೆಸಿದ ಜಾಗ. ಊರು ಹುಟ್ಟಿದ ದಿನದಿಂದ ಅದರ ಸತ್ತ ದನ ಎಳೆದು, ತಮಟೆ ಬಡಿದು, ಕಣ ಕಾದು, ಕೆರೆಯ ತೂಬು ಎತ್ತಿದವರು ನಾವು. ನಾವು ಯಾವಾಗ ಹೊಸದಾಗಿ ಬಂದೆವು? ಎಲ್ಲಿಂದ ಬಂದೆವು?

ಈ ಪದದ ಬೇರು ಹುಡುಕಿಕೊಂಡು ಹೋದರೆ ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಕೊಲೆರೆ’ ಅಂದರೆ ಉಳುವುದು, ಬೇಸಾಯ ಮಾಡುವುದು. ಉಳುವವನು ‘ಕೊಲೋನಸ್’. ಅವನು ನೆಲೆ ನಿಂತ ಜಾಗ ‘ಕೊಲೋನಿಯಾ’. ರೋಮ್ ಸಾಮ್ರಾಜ್ಯ ತಾನು ಗೆದ್ದ ನೆಲದಲ್ಲಿ ನಿವೃತ್ತ ಸೈನಿಕರಿಗೆ ಜಮೀನು ಹಂಚಿ ಇಂಥ ಕೊಲೋನಿಯಾಗಳನ್ನು ಕಟ್ಟಿಸಿತು. ಜರ್ಮನಿಯ ಕಲೋನ್ ನಗರದ ಹೆಸರಿನಲ್ಲಿ ಆ ಪದ ಇವತ್ತಿಗೂ ಕೂತಿದೆ. ಅಂದರೆ ಕಾಲೋನಿಗೆ ಮೊದಲ ಗುರುತೇ ಜಮೀನು. ನಮ್ಮಲ್ಲಿ ಕಾಲೋನಿಯವನು ಅಂದರೆ ಜಮೀನಿಲ್ಲದವನು! ಇನ್ನೊಂದು ಮಾತು. ‘ಕಲ್ಚರ್’ ಎಂಬ ಪದ ಹುಟ್ಟಿದ್ದೂ ಇದೇ ‘ಕೊಲೆರೆ’ಯಿಂದ. ಒಂದೇ ಬಸಿರಿನ ಎರಡು ಕೂಸು. ಕಲ್ಚರ್ ಅಗ್ರಹಾರಕ್ಕೆ ಹೋಯಿತು, ಕಾಲೋನಿ ನಮ್ಮ ಪಾಲಿಗೆ ಬಂತು.

ಬೇರೆಯವರ ಪಾಲಿಗೆ ಬಂದ ಕಾಲೋನಿ ಹೇಗಿತ್ತು? ದೂರ ಹೋಗುವುದು ಬೇಡ, ವೈಟ್‌ಫೀಲ್ಡಿಗೆ ಹೋಗೋಣ. ಇವತ್ತು ಗಾಜಿನ ಕಟ್ಟಡಗಳು ನಿಂತಿರುವ ಆ ಊರು ಹುಟ್ಟಿದ್ದೇ ಒಂದು ಕಾಲೋನಿಯಾಗಿ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ. ಆ ಸಂಘಟನೆಯ ಮುಂದಾಳು ವೈಟ್ ಎಂಬಾತನ ಹೆಸರೇ ಊರಿನ ಹೆಸರಾಯಿತು. ಅವರೂ ಅವಮಾನ ಉಂಡವರೇ. ಬಿಳಿಯರು ಒಳಗೆ ಸೇರಿಸಲಿಲ್ಲ, ನಮ್ಮ ಮೇಲ್ಜಾತಿಯವರು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ನಮ್ಮ ಪ್ರಶ್ನೆ ಲೆಕ್ಕದ್ದು. ನೆಲೆಯಿಲ್ಲದ ಒಂದು ಸಮುದಾಯಕ್ಕೆ ಕಾಲೋನಿ ಕಟ್ಟಿಕೊಡುವಾಗ ಎಕರೆಗಟ್ಟಲೆ ನೆಲ ಬೇಕು ಅಂತ ಅರಮನೆಗೆ ಹೊಳೆಯಿತು. ಅದೇ ಸೀಮೆಯ ಹೊಲೆಮಾದಿಗರಿಗೆ ಕಾಲೋನಿ ಕಟ್ಟುವಾಗ ಕಾಲು ಚಾಚುವಷ್ಟು ಸೈಟು ಸಾಕು ಅಂತ ಯಾರಿಗೆ ಹೊಳೆಯಿತು?

ಸ್ವಾತಂತ್ರ್ಯ ಬಂದ ಮೇಲೆ ಕಾರ್ಖಾನೆಗಳ ಕಾಲೋನಿಗಳು ಬಂದವು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಎದ್ದ ಆ ಕಾಲೋನಿಗಳಲ್ಲಿ ಸಾಲುಮನೆ, ಶಾಲೆ, ಆಸ್ಪತ್ರೆ, ಆಟದ ಬಯಲು. ‘ನಮ್ಮ ಹುಡುಗಿಯನ್ನು ಕಾಲೋನಿಗೆ ಕೊಟ್ಟಿದ್ದೇವೆ’ ಅಂತ ಹೆಮ್ಮೆಯಿಂದ ಹೇಳಿಕೊಂಡ ಅಪ್ಪಂದಿರು ಬೆಂಗಳೂರಿನಲ್ಲಿ ಎಷ್ಟೋ ಮಂದಿ. ನಮ್ಮ ಕಾಲೋನಿಗೆ ಹುಡುಗಿ ಕೊಟ್ಟೆ ಅಂತ ಊರಿನವನೊಬ್ಬ ಹೇಳಿಕೊಂಡದ್ದನ್ನು ಕೇಳಿದವರಿದ್ದರೆ ಬರೆದು ತಿಳಿಸಿ. ಅಕ್ಷರ ಅದೇ, ಉಚ್ಚಾರಣೆ ಅದೇ. ಕೇಳುವವನ ಮೂಗಿನ ಹೊಳ್ಳೆ ಮಾತ್ರ ಬೇರೆ.

ಆದರೂ ಒಂದು ನಿಜವನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಅಪ್ಪ, ಚಿಕ್ಕಪ್ಪಂದಿರಿಗೆ ಈ ಪದ ಕಂಡರೆ ನಮಗಿರುವಷ್ಟು ಸಿಟ್ಟಿಲ್ಲ. ಅದಕ್ಕೆ ಕಾರಣವೂ ಇದೆ. ಅದಕ್ಕೆ ಮೊದಲು ಇದ್ದದ್ದು ಹೊಲಗೇರಿ, ಮಾದಿಗರ ಹಟ್ಟಿ. ಊರಿನವರ ಬಾಯಲ್ಲಿ ಆ ಹೆಸರುಗಳೇ ಬೈಗುಳ. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಜನತಾ ಮನೆ ಕೊಟ್ಟಾಗ, ಸೋಗೆ ಗುಡಿಸಲಿನಿಂದ ಹೆಂಚಿನ ಸೂರಿಗೆ ಬಂದಾಗ, ಬಾಗಿಲಿಗೊಂದು ಅಗುಳಿ ಬಂದಾಗ, ಅದರ ಜೊತೆಗೇ ಬಂದ ಇಂಗ್ಲಿಷ್ ಹೆಸರು ಅವರಿಗೆ ಹೊಸ ಅಂಗಿಯ ಹಾಗೆ ಕಂಡಿತು. ‘ಕೇರಿ ಅನ್ನಿಸಿಕೊಳ್ಳೋದು ತಪ್ತಲ್ಲ, ಬುಡು’ ಅಂತಾರೆ. ಈ ಮಾತನ್ನು ನಾವು ಡಿಗ್ರಿ ತಗೊಂಡ ಗರ್ವದಿಂದ ತಳ್ಳಿಹಾಕುವ ಹಾಗಿಲ್ಲ. ಹೆಂಚಿನ ಸೂರು ಸುಳ್ಳಲ್ಲ. ಆದರೆ ಆ ಹೊಸ ಅಂಗಿಯನ್ನು ಊರು ನಾಲ್ಕು ಮಳೆಗಾಲದಲ್ಲಿ ಹಳೆಯ ಬಣ್ಣಕ್ಕೇ ಅದ್ದಿ ತೆಗೆಯಿತು. ಹರಿಜನ ಕಾಲೋನಿ, ಎ.ಕೆ. ಕಾಲೋನಿ ಅಂತಿದ್ದದ್ದು ಬರೀ ಕಾಲೋನಿ ಆಯಿತು. ‘ಹರಿಜನ’ ಪದವನ್ನು ಜಾತಿ ಪ್ರಮಾಣಪತ್ರದಲ್ಲಿ ಬರೆಯಬೇಡಿ ಅಂತ ಕೇಂದ್ರ ಸರ್ಕಾರ 1982ರಲ್ಲೇ ರಾಜ್ಯಗಳಿಗೆ ಹೇಳಿತು. ಹರಿಜನ ಹೋಯಿತು, ಬಾಲ ಉಳಿಯಿತು. ಬಾಲವೇ ಈಗ ಪೂರ್ತಿ ಪ್ರಾಣಿಯ ಹೆಸರು.

ಇಲ್ಲೇ ಇರುವುದು ಹುನ್ನಾರ. ಸಾರ್ವಜನಿಕರ ಎದುರಿಗೆ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಕೇಸು ಬೀಳುತ್ತದೆ ಅಂತ ಊರಿಗೆ ಗೊತ್ತು. ಅದಕ್ಕೇ ಜಾತಿ ಹೆಸರು ಬಾಯಿಗೆ ಬರುವುದಿಲ್ಲ. ‘ಅವರು ಕಾಲೋನಿಯವರು’ ಅಂದರೆ ಆಯಿತು. ಹೇಳಬೇಕಾದ್ದೆಲ್ಲ ಹೇಳಿದಂತೆಯೂ ಆಯಿತು, ಏನೂ ಹೇಳದಂತೆಯೂ ಆಯಿತು. ಮುಟ್ಟದೆ ಮುಟ್ಟುವುದಕ್ಕೆ ಕೈಗವಸು ಬೇಕಲ್ಲ, ಇಂಗ್ಲಿಷ್ ಪದ ಆ ಕೈಗವಸು. ಯಾವ ಪೊಲೀಸ್ ಠಾಣೆಯಲ್ಲಿ ಹೋಗಿ ‘ಸಾರ್, ನನ್ನನ್ನು ಕಾಲೋನಿ ಅಂದರು’ ಅಂತ ದೂರು ಕೊಡೋಣ? ಇನ್ಸ್‌ಪೆಕ್ಟರ್ ಸಾಹೇಬರ ಮನೆಯೂ ಯಾವುದೋ ಕಾಲೋನಿಯಲ್ಲೇ ಇರುತ್ತದೆ!

ಪಟ್ಟಣಕ್ಕೆ ಬಂದರೆ ತಪ್ಪುತ್ತದೆ ಅಂದುಕೊಂಡಿದ್ದೆವು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಲೇತ್ ತಿರುಗಿಸುವ, ಎಲೆಕ್ಟ್ರಾನಿಕ್ ಸಿಟಿಯ ಗೇಟುಗಳಲ್ಲಿ ರಾತ್ರಿ ಪಾಳಿ ಕಾಯುವ, ವೈಟ್‌ಫೀಲ್ಡಿನ ಕಚೇರಿಗಳಲ್ಲಿ ನೆಲ ಒರೆಸುವ, ಈಗೀಗ ಅದೇ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ನಮ್ಮ ಹುಡುಗ ಹುಡುಗಿಯರನ್ನು ಕೇಳಿ. ಬಾಡಿಗೆ ರೂಮು ಕೇಳಲು ಹೋದಾಗ ಮೊದಲ ಪ್ರಶ್ನೆ ಯಾವೂರು. ಎರಡನೆಯದು, ಆ ಊರಲ್ಲಿ ಯಾರ ಪೈಕಿ. ನಾವು ಗೌಡರ ಹೆಸರನ್ನೂ ಹೇಳದೆ ಶಾನುಭೋಗರ ಹೆಸರನ್ನೂ ಹೇಳದೆ ತಡವರಿಸಿದರೆ ಮೂರನೆಯದು ನಗುನಗುತ್ತಾ ಬರುತ್ತದೆ. ‘ಊರೊಳಗಾ, ಕಾಲೋನಿ ಕಡೇನಾ?’ ನಮ್ಮಲ್ಲೊಬ್ಬ ಬಿ.ಎಸ್ಸಿ. ಗೆಳೆಯನಿಗೆ ಅಡ್ವಾನ್ಸ್ ಹಣ ಎಣಿಸಿ ಕೊಟ್ಟ ಮೇಲೆ ಈ ಪ್ರಶ್ನೆ ಬಂತು. ಹಣ ವಾಪಸ್ ಬಂತು. ‘ನಮ್ಮ ಯಜಮಾನ್ರಿಗೆ ಬೇರೆಯವರು ಮೊದಲೇ ಹೇಳಿಟ್ಟಿದ್ರಂತೆ’ ಅಂತ ಆ ಮನೆಯಮ್ಮ ಬಹಳ ಮರ್ಯಾದೆಯಿಂದಲೇ ಹೇಳಿದರು. ಇದೇ ಗೆಳೆಯ ಕಾಲೇಜಿನಲ್ಲಿದ್ದಾಗ ಸೂಕ್ಷ್ಮಜೀವಿ ಪಾಠದಲ್ಲಿ ‘ಬ್ಯಾಕ್ಟೀರಿಯಾ ಕಾಲೋನಿ’ ಎಂಬ ಮಾತು ಬಂದಾಗ ಹಿಂದಿನ ಬೆಂಚು ಅವನ ಕಡೆ ತಿರುಗಿ ನಕ್ಕಿತ್ತಂತೆ. ವಿಜ್ಞಾನವೂ ನಮ್ಮ ಕೇರಿಯ ಗುರುತು ಹಿಡಿಯಿತು ನೋಡಿ.

ಇದೇ ಪಟ್ಟಣದಲ್ಲಿ ಇನ್ನೂ ಒಂದು ಕಾಲೋನಿ ಇದೆ, ಲೇಬರ್ ಕಾಲೋನಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದಲೂ ಬಿಹಾರ, ಬಂಗಾಳದಿಂದಲೂ ಬಂದು ಅಪಾರ್ಟ್‌ಮೆಂಟ್ ಕಟ್ಟುವವರ ತಗಡಿನ ಶೆಡ್ಡುಗಳು. ಕಟ್ಟಡ ಕಾರ್ಮಿಕರಿಗೆ ಮಾಲೀಕನೇ ಬಾಡಿಗೆ ಇಲ್ಲದೆ ವಾಸಕ್ಕೆ ವ್ಯವಸ್ಥೆ ಮಾಡಬೇಕು ಅಂತ 1996ರ ಕಾಯ್ದೆ ಹೇಳಿತ್ತು. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಶೆಡ್ಡುಗಳ ಮೇಲೆ ಜೆಸಿಬಿ ಹತ್ತಿಸಿದಾಗ ಹೇಳಿದ ನೆಪ, ಇವರು ಬಾಂಗ್ಲಾದೇಶಿಗಳು ಅಂತ. ನಮ್ಮ ಉತ್ತರ ಕರ್ನಾಟಕದ ಜನವೂ ಅದರಲ್ಲಿದ್ದರು. ಹೈಕೋರ್ಟು ಛೀಮಾರಿ ಹಾಕಿತು, ಅಷ್ಟರಲ್ಲಿ ಶೆಡ್ಡು ಮಣ್ಣಾಗಿತ್ತು. ಊರಿನ ಹೆಸರು ಗಮನಿಸಿ, ಅಗ್ರಹಾರ. 1978ರ ಸುಮಾರಿಗೆ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿ ಕಟ್ಟಿದ 332 ಎಕರೆ ನೆಲವೂ ದೊಡ್ಡತೋಗೂರು ಮತ್ತು ಕೋನಪ್ಪನ ಅಗ್ರಹಾರದ್ದು. ಅಗ್ರಹಾರ ಅಂದರೆ ಬ್ರಾಹ್ಮಣರಿಗೆ ಬಿಟ್ಟ ದಾನದ ಊರು. ಎಷ್ಟು ಸಾಫ್ಟ್‌ವೇರ್ ಬಂದರೂ ಆ ಹೆಸರು ಅಳಿಯುವುದಿಲ್ಲ, ಅದಕ್ಕೆ ಯಾರೂ ನಾಚುವುದೂ ಇಲ್ಲ.

ನಮ್ಮ ವಿಶ್ವವಿದ್ಯಾಲಯಗಳ ವಿಮರ್ಶಕರಿಗೆ ಒಂದು ಮಾತು. ನೀವು ವರ್ಷಗಟ್ಟಲೆಯಿಂದ ‘ವಸಾಹತುಶಾಹಿ’, ‘ವಸಾಹತೋತ್ತರ ಚಿಂತನೆ’ ಅಂತ ಸೆಮಿನಾರು ಮಾಡುತ್ತಿದ್ದೀರಿ. ನಿಮಗೆ ಕಾಲೋನಿ ಅಂದರೆ 1947ಕ್ಕೆ ಮುಗಿದ ಕಥೆ, ಬಿಳಿಯ ಮಾಡಿದ ಗಾಯ. ನಿಮ್ಮದೇ ಹುಟ್ಟೂರಿನ ಕಾಲೋನಿಗೆ ಒಂದು ದಿನ ಹೋಗಿ ನೀರು ಕುಡಿದು ಬಂದಿದ್ದೀರಾ? ಬ್ರಿಟಿಷರ ಕಾಲೋನಿಯಾಗಿದ್ದೆವು ಅಂತ ಅಳುವ ಊರೇ ತನ್ನ ಮಗ್ಗುಲಲ್ಲಿ ಒಂದು ಕಾಲೋನಿ ಸಾಕಿಕೊಂಡಿದೆಯಲ್ಲ, ಅದರ ಬಗ್ಗೆ ಒಂದು ಪ್ರಬಂಧ ಮಂಡಿಸಿ, ಕೇಳೋಣ.

ಕೇರಳದಲ್ಲಿ 2024ರ ಜೂನ್‌ನಲ್ಲಿ ಮಂತ್ರಿಯಾಗಿದ್ದ ಕೆ. ರಾಧಾಕೃಷ್ಣನ್ ಹುದ್ದೆ ಬಿಡುವ ದಿನ ಈ ಪದವನ್ನು ಕೈಬಿಡುವ ಆದೇಶಕ್ಕೆ ಸಹಿ ಹಾಕಿದರು. ತಮಿಳುನಾಡಿನಲ್ಲಿ 2025ರ ಏಪ್ರಿಲ್‌ನಲ್ಲಿ ಅಂದಿನ ಮುಖ್ಯಮಂತ್ರಿ ಸ್ಟಾಲಿನ್ ಸರ್ಕಾರಿ ದಾಖಲೆಗಳಿಂದ ‘ಕಾಲೋನಿ’ ತೆಗೆಯುವುದಾಗಿ ವಿಧಾನಸಭೆಯಲ್ಲೇ ಹೇಳಿದರು. ಕರ್ನಾಟಕದಲ್ಲೂ ತೆಗೆಯಲಿ, ನಾವು ಬೇಡ ಅನ್ನುವುದಿಲ್ಲ. ಆದರೆ ತೆಗೆದು ಏನು ಹಾಕುತ್ತೀರಿ? ‘ನಗರ’ ಅಂತ ಬೋರ್ಡು ನೆಟ್ಟು, ಅಂಬೇಡ್ಕರ್ ಹೆಸರು ಬರೆದು, ಮಾಲೆ ಹಾಕಿ ಹೋದರೆ ಆಯಿತೇ? ಇನ್ನು ಹತ್ತು ವರ್ಷಕ್ಕೆ ‘ನಗರದವರು’ ಅಂದರೂ ಅದೇ ಮೂಗು ಮುರಿಯುವುದಿಲ್ಲ ಅಂತ ಯಾವ ಖಾತರಿ?

ಬಾಬಾಸಾಹೇಬರ ಹೆಸರು ಬಳಸುವವರು ಅವರು ಕೇಳಿದ್ದೇನು ಅಂತಲೂ ತಿಳಿಯಲಿ. 1942ರ ಜುಲೈನಲ್ಲಿ ನಾಗಪುರದ ಪರಿಶಿಷ್ಟರ ಸಮ್ಮೇಳನ ಒಂದು ನಿರ್ಣಯ ಮಾಡಿತು. ಸವರ್ಣರ ಊರಿನಿಂದ ದೂರ, ಪರಿಶಿಷ್ಟರಿಗೇ ಪ್ರತ್ಯೇಕ ಹಳ್ಳಿಗಳು ಬೇಕು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯಲ್ಲಿ ಅಂಬೇಡ್ಕರ್ ಅದನ್ನೇ ಬಿಡಿಸಿ ಬರೆದರು. ಅದಕ್ಕೊಂದು ವಸತಿ ಆಯೋಗ, ಸಾಗುವಳಿಯಾಗದ ಸರ್ಕಾರಿ ನೆಲವೆಲ್ಲ ಆ ಆಯೋಗದ ಕೈಗೆ. ಅವರು ಕೇಳಿದ್ದು ಉಳುವ ನೆಲ ಇರುವ ಊರು. ಲ್ಯಾಟಿನ್ ಅರ್ಥದ ನಿಜವಾದ ಕೊಲೋನಿಯಾ! ಕೊಟ್ಟದ್ದು ಅದೇ ಊರಿನ ಬಾಲಕ್ಕೆ ಅಂಟಿಸಿದ ಸೈಟುಗಳು. ಬೆಳಗಾದರೆ ಅದೇ ಗೌಡನ ತೋಟಕ್ಕೇ ಕೂಲಿಗೆ ಹೋಗಬೇಕು.

ಆಗೀಗ ಕೊಟ್ಟ ಚೂರುಪಾರು ಜಮೀನೂ ಉಳಿಯಿತೇ? ಮಂಜೂರಾದ ಜಮೀನನ್ನು ಪರಭಾರೆ ಮಾಡಬಾರದು ಅಂತ 1978ರಲ್ಲಿ ರಾಜ್ಯ ಪಿ.ಟಿ.ಸಿ.ಎಲ್. ಕಾಯ್ದೆ ತಂದಿತು. ಬೆಂಗಳೂರು ಬೆಳೆದಂತೆಲ್ಲ ಸಾರಾಯಿ ಸಾಲಕ್ಕೆ, ಮದುವೆ ಸಾಲಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡವರು ಅದರ ಮೇಲೆ ಲೇಔಟ್ ಎಬ್ಬಿಸಿದರು. ಇಷ್ಟು ವರ್ಷ ಸುಮ್ಮನಿದ್ದು ಈಗ ಕೇಳುವಂತಿಲ್ಲ, ಸಮಂಜಸ ಅವಧಿಯೊಳಗೆ ಕೇಳಬೇಕಿತ್ತು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಅಂದಿತು. ಆಮೇಲೆ ಧರಣಿ ಕೂತು ಕೂತು, 2023ರಲ್ಲಿ ಕಾಲಮಿತಿ ಇಲ್ಲ ಎಂಬ ತಿದ್ದುಪಡಿ ಬಂತು. ದೇವನಹಳ್ಳಿ ಚನ್ನರಾಯಪಟ್ಟಣದ 1,777 ಎಕರೆ ಉಳಿಸಿಕೊಳ್ಳಲು ರೈತರು ಸಾವಿರಕ್ಕೂ ಹೆಚ್ಚು ದಿನ ಬೀದಿಯಲ್ಲಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಕೂತವರಲ್ಲಿ ನಮ್ಮವರೂ ಇದ್ದರು.

ಹೆಸರು ಬದಲಾಯಿಸುವುದಾದರೆ ತಾಲ್ಲೂಕು ಕಚೇರಿಯ ಗುಮಾಸ್ತರು ಬದಲಾಯಿಸುವುದು ಬೇಡ. ಕಾಲೋನಿಯ ಹೆಂಗಸರು ಗಂಡಸರು ಗ್ರಾಮಸಭೆಯಲ್ಲಿ ಕೂತು ಹೆಸರಿಡಲಿ. ಅದೇ ಸಭೆಯಲ್ಲಿ ಮನೆಗಳ ಹಕ್ಕುಪತ್ರ ಕೈಗೆ ಬರಲಿ, ಗೋಮಾಳದ ಒತ್ತುವರಿ ಯಾರದು ಅಂತ ಓದಿ ಹೇಳಲಿ. ಮೇಷ್ಟ್ರುಗಳಿಗೆ ನಮ್ಮ ಬೇಡಿಕೆ ಸಣ್ಣದು. ತರಗತಿಯಲ್ಲಿ ‘ಕಾಲೋನಿ ಮಕ್ಕಳು ಎದ್ದು ನಿಲ್ಲಿ’ ಅನ್ನಬೇಡಿ, ಸ್ಕಾಲರ್‌ಶಿಪ್ ಅರ್ಜಿ ಹಂಚುವಾಗಲೂ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ. ಓದುಗ ಗೆಳೆಯರು ತಮ್ಮ ಕಾಲೋನಿಗೆ ಆ ಹೆಸರು ಬರುವ ಮೊದಲು ಏನು ಹೆಸರಿತ್ತು, ಅದು ಯಾವ ಸರ್ವೆ ನಂಬರಿನಲ್ಲಿದೆ, ಎಷ್ಟು ಮನೆಗೆ ಹಕ್ಕುಪತ್ರ ಇಲ್ಲ ಎಂಬುದನ್ನು ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬಂದಷ್ಟನ್ನೂ ಮುಂದಿನ ಸಂಚಿಕೆಯಿಂದ ಅಚ್ಚು ಹಾಕುತ್ತೇವೆ.