ಹೊಗೆಬಂಡಿಗೊಬ್ಬ ಖಳನಾಯಕ

ಓಡುವ ರೈಲುಗಾಡಿಯೊಳಗೆ ಸಿಕ್ಕಿಬಿದ್ದ ಪ್ರಯಾಣಿಕರ ಕಥೆ ಅರ್ಧ ಶತಮಾನದಿಂದ ಜಗತ್ತಿನ ತೆರೆಯ ಮೇಲೆ ಓಡುತ್ತಲೇ ಇದೆ. ೧೯೭೫ರಲ್ಲಿ ಜಪಾನಿನವರು ‘ದಿ ಬುಲೆಟ್ ಟ್ರೇನ್’ ತೆಗೆದರು. ಮರುವರ್ಷ ಯುರೋಪಿನಿಂದ ‘ದಿ ಕಸ್ಸಾಂಡ್ರಾ ಕ್ರಾಸಿಂಗ್’ ಬಂತು. ೧೯೮೦ರಲ್ಲಿ ಮುಂಬಯಿಯ ಚೋಪ್ರಾ ಮನೆತನದವರು ‘ದಿ ಬರ್ನಿಂಗ್ ಟ್ರೇನ್’ ಕೊಟ್ಟರು. ೨೦೧೬ರಲ್ಲಿ ಕೊರಿಯಾದ ‘ಟ್ರೇನ್ ಟು ಬುಸಾನ್’ ಹೊರಟಿತು. ಜಪಾನೀ ಚಿತ್ರದ ಬಾಂಬಂತೂ ಐವತ್ತು ವರ್ಷವಾದರೂ ತಣ್ಣಗಾಗದೆ ೨೦೨೫ರಲ್ಲಿ ‘ಬುಲೆಟ್ ಟ್ರೇನ್ ಎಕ್ಸ್‌ಪ್ಲೋಷನ್’ ಎಂಬ ಹೆಸರಿನಿಂದ ಮತ್ತೆ ಟಿಕ್ ಟಿಕ್ ಎನ್ನತೊಡಗಿತು. ನಮ್ಮ ಪಟ್ಟಣಗಳ ವಿದ್ಯಾವಂತ ಕುಟುಂಬಗಳು ಇವನ್ನೆಲ್ಲ ಮನೆಯಲ್ಲಿಯೇ ಕುಳಿತು, ಕಾಫಿ ಆರುವುದನ್ನೂ ಮರೆತು ನೋಡುತ್ತವೆ. ನನ್ನ ವಿದ್ಯಾರ್ಥಿಗಳು ಇವುಗಳ ವಿಷಯವನ್ನು ಮಾತನಾಡುವ ಉತ್ಸಾಹದ ಕಾಲುಪಾಲನ್ನು ಪಂಪನಿಗೆ ತೋರಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು.

ಹಾಗೆಂದು ಈ ಲೇಖನ ಸಿನಿಮಾ ನೋಡುವ ಹುಡುಗರ ಮೇಲಿನ ಮೇಷ್ಟರ ಗೊಣಗಾಟವಲ್ಲ. ಭಯವೂ ರಸಕ್ಕೆ ಮೂಲವೆಂದು ಭರತಮುನಿಯೇ ಒಪ್ಪಿ, ಭಯಾನಕಕ್ಕೆ ರಸಗಳ ಪಂಕ್ತಿಯಲ್ಲಿ ಎಲೆ ಹಾಕಿದ್ದಾನೆ. ಬೇಡವೆನ್ನಲು ನಾನಾರು? ನನ್ನ ತಕರಾರು ಬೇರೆ. ಈ ಚಿತ್ರಗಳಲ್ಲಿ ಬಹುಪಾಲು ಅಪಘಾತದ ವಿಷಯದಲ್ಲಿ ಒಂದು ಸುಳ್ಳನ್ನು ಹೇಳುತ್ತವೆ. ಆ ಸುಳ್ಳು ನಮಗೆ ಬಹಳ ಹಿತವಾದದ್ದು. ಹಿತವಾದದ್ದರಿಂದಲೇ ಅದು ತೆರೆಯಿಂದಿಳಿದು ನಮ್ಮ ಬುದ್ಧಿಯೊಳಗೆ ಸೇರಿಕೊಂಡಿದೆ.

ಸುಳ್ಳು ಯಾವುದು? ಪ್ರತಿ ಅಪಘಾತಕ್ಕೂ ಒಬ್ಬ ಖಳನಿದ್ದಾನೆ ಎಂಬುದು. ‘ಬರ್ನಿಂಗ್ ಟ್ರೇನ್’ನಲ್ಲಿ ದೆಹಲಿಯಿಂದ ಮುಂಬಯಿಗೆ ಹೊರಟ ಹೊಸ ಗಾಡಿ ಕೆಡುವುದೇಕೆ? ಅದನ್ನು ರೂಪಿಸುವ ಗೌರವ ತನಗೆ ಸಿಗಲಿಲ್ಲವೆಂದು ಕುದಿಯುತ್ತಿದ್ದವನೊಬ್ಬ ಬ್ರೇಕು ಕೆಡಿಸಿ, ಬಾಂಬಿಟ್ಟು ಇಳಿದುಹೋಗುತ್ತಾನೆ. ಅಸೂಯೆಯೊಂದಿಲ್ಲದಿದ್ದರೆ ಆ ಗಾಡಿ ಸುಖವಾಗಿ ಊರು ಸೇರುತ್ತಿತ್ತು! ‘ಕಸ್ಸಾಂಡ್ರಾ ಕ್ರಾಸಿಂಗ್’ನಲ್ಲಿ ಪ್ಲೇಗು ತಗುಲಿದವನೊಬ್ಬ ಜಿನೀವಾದಿಂದ ಸ್ಟಾಕ್‌ಹೋಮಿಗೆ ಹೋಗುವ ಗಾಡಿ ಹತ್ತುತ್ತಾನೆ. ಗುಟ್ಟು ಹೊರಬೀಳಬಾರದೆಂದು ಸೇನಾಧಿಕಾರಿಯೊಬ್ಬ ಸಾವಿರ ಜನರ ಆ ಗಾಡಿಯನ್ನು ಮುರುಕು ಸೇತುವೆಯ ಕಡೆಗೆ ತಿರುಗಿಸುತ್ತಾನೆ. ದುಷ್ಟನಿದ್ದ ಮೇಲೆ ಧೀರನೂ ಬೇಕಷ್ಟೆ. ಅವನು ಗಾಡಿಯ ಮಾಡಿನ ಮೇಲೆ ಓಡುತ್ತಾನೆ. ದುಷ್ಟ, ಧೀರ ಇಬ್ಬರೂ ಸೇರಿ ಮೂರನೆಯವರಿಗೆ ಸ್ಥಳವಿಲ್ಲದಂತೆ ಮಾಡುತ್ತಾರೆ. ಆ ಮೂರನೆಯವರು ಯಾರೆಂಬುದನ್ನು ಮುಂದೆ ಹೇಳುತ್ತೇನೆ.

ಬ್ರೇಕಿನ ಸಂಗತಿಯನ್ನು ನನಗೆ ತಿಳಿಯಹೇಳಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರು. ಗಾಡಿಯ ಉದ್ದಕ್ಕೂ ಗಾಳಿಯ ಕೊಳವೆಯೊಂದು ಹಾಯುತ್ತದೆ. ಅದರಲ್ಲಿ ಒತ್ತಡವಿರುವಷ್ಟು ಹೊತ್ತು ಬ್ರೇಕು ಬಿಟ್ಟುಕೊಂಡಿರುತ್ತದೆ. ಒತ್ತಡ ಇಳಿದರೆ ಹಿಡಿದುಕೊಳ್ಳುತ್ತದೆ. ಕೊಳವೆ ಒಡೆದರೂ, ಡಬ್ಬಿ ಕಳಚಿಕೊಂಡರೂ, ಪ್ರಯಾಣಿಕನೊಬ್ಬ ಸರಪಳಿ ಎಳೆದರೂ ಆಗುವುದು ಒಂದೇ: ಗಾಳಿ ಹೊರಕ್ಕೆ ಹೋಗುತ್ತದೆ, ಗಾಡಿ ನಿಲ್ಲುತ್ತದೆ. ಎಂದರೆ, ಕೆಟ್ಟರೆ ನಿಲ್ಲಬೇಕು, ಓಡಬಾರದು ಎಂಬುದೇ ಆ ಯಂತ್ರದ ಧರ್ಮ. ಕಥೆಗಾರನಿಗೆ ಈ ಧರ್ಮವೇ ದೊಡ್ಡ ವಿಘ್ನ. ಗಾಡಿ ನಿಂತರೆ ಅವನ ಕಥೆಯೂ ನಿಲ್ಲುತ್ತದೆಯಲ್ಲ!

ಈ ಧರ್ಮ ರೈಲಿಗೆ ಹುಟ್ಟಿನಿಂದ ಬಂದದ್ದಲ್ಲ. ೧೮೮೯ರ ಜೂನ್ ೧೨ರಂದು ಐರ್ಲೆಂಡಿನ ಆರ್ಮಾ ಪಟ್ಟಣದಿಂದ ಭಾನುವಾರದ ಪಾಠಶಾಲೆಯ ಮಕ್ಕಳನ್ನು ತುಂಬಿಕೊಂಡು ಒಂದು ವಿಹಾರದ ಗಾಡಿ ಕಡಲತೀರಕ್ಕೆ ಹೊರಟಿತು. ಭಾರ ಹೆಚ್ಚಾಗಿ ಏರಿನಲ್ಲಿ ನಿಂತಿತು. ಸಿಬ್ಬಂದಿ ಗಾಡಿಯನ್ನು ಎರಡು ಮಾಡಿ, ಹಿಂದಿನ ಡಬ್ಬಿಗಳನ್ನು ಕೈಬ್ರೇಕಿನ ಮೇಲೂ ಚಕ್ರಕ್ಕೆ ಕೊಟ್ಟ ಕಲ್ಲುಗಳ ಮೇಲೂ ನಂಬಿ ಬಿಟ್ಟರು. ಅವು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಬೆನ್ನ ಹಿಂದೆ ಬರುತ್ತಿದ್ದ ಗಾಡಿಗೆ ಬಡಿದವು. ಡಬ್ಬಿಗಳ ಬಾಗಿಲಿಗೆ ಬೀಗ ಹಾಕಿತ್ತು. ಸುಮಾರು ೮೦ ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಗಾಡಿಯೊಳಗೆ ಸಿಕ್ಕಿಬೀಳುವುದೆಂದರೆ ಇದು. ಇಲ್ಲಿ ಬಾಂಬಿಲ್ಲ, ಖಳನಿಲ್ಲ. ಅಗ್ಗದ ಬ್ರೇಕಿತ್ತು, ಅವಸರವಿತ್ತು, ‘ಹೇಗೋ ಆಗುತ್ತದೆ’ ಎಂಬ ಧೈರ್ಯವಿತ್ತು. ಪ್ರಯಾಣಿಕರ ಗಾಡಿಗಳಿಗೆಲ್ಲ ತಾನಾಗಿ ಹಿಡಿಯುವ ಬ್ರೇಕು ಇರಲೇಬೇಕೆಂಬ ಕಾನೂನು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅದೇ ವರ್ಷ ಆಯಿತು. ಅಂದಿನವರು ಖಳನೊಬ್ಬನನ್ನು ಹಿಡಿದು ಗಲ್ಲಿಗೇರಿಸಿ ತೃಪ್ತರಾಗಿದ್ದರೆ ಈ ಕಾನೂನು ಎಷ್ಟು ತಡವಾಗುತ್ತಿತ್ತೋ!

ನಮ್ಮ ದೇಶದ ಮಾತಿಗೆ ಬರೋಣ. ೧೯೫೬ರ ಸೆಪ್ಟೆಂಬರಿನಲ್ಲಿ ಮೆಹಬೂಬನಗರದ ಬಳಿ, ನವೆಂಬರಿನಲ್ಲಿ ಅರಿಯಲೂರಿನ ಬಳಿ, ಮಳೆಯ ನೀರಿಗೆ ಸೇತುವೆ ಕುಸಿದು ಒಂದೊಂದರಲ್ಲಿಯೂ ನೂರಕ್ಕೂ ಹೆಚ್ಚು ಜನ ಸತ್ತರು. ಸೇತುವೆಯನ್ನು ಲಾಲ್ ಬಹದ್ದೂರ್ ಶಾಸ್ತ್ರಿಗಳು ಕೆಡವಿರಲಿಲ್ಲ. ಆದರೂ ರೈಲ್ವೆ ಮಂತ್ರಿಯಾದ ತಾವೇ ಹೊಣೆಯೆಂದು ರಾಜೀನಾಮೆ ಕೊಟ್ಟರು. ಹೊಣೆ ಬೇರೆ, ಖಳತನ ಬೇರೆ ಎಂಬ ವಿವೇಕ ಆ ಪತ್ರದ ಹಿಂದಿತ್ತು. ಈ ವಿವೇಕವನ್ನು ಕಲಿಸುವ ಒಂದು ದೃಶ್ಯವೂ ನಾನು ಹೆಸರಿಸಿದ ಹಿಂದೀ ಚಿತ್ರದಲ್ಲಿಲ್ಲ.

೨೦೨೩ರ ಜೂನ್ ೨ರ ಸಂಜೆ ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ಸಿಗೆ ಮುಖ್ಯಹಳಿಯ ಹಸಿರು ದೀಪ ತೋರಿತು. ಹಳಿ ಮಾತ್ರ ಪಕ್ಕದ ಲೂಪಿಗೆ ತಿರುಗಿತ್ತು. ಗಾಡಿ ಅಲ್ಲಿ ನಿಂತಿದ್ದ ಗೂಡ್ಸಿಗೆ ಬಡಿಯಿತು. ಉರುಳಿದ ಡಬ್ಬಿಗಳು, ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟು ಆಗ ತಾನೇ ಅಲ್ಲಿ ಹಾಯುತ್ತಿದ್ದ ಗಾಡಿಯ ಕೊನೆಯ ಡಬ್ಬಿಗಳನ್ನೂ ಕೆಡವಿದವು. ೨೯೦ಕ್ಕೂ ಹೆಚ್ಚು ಜನ ಹೋದರು. ಸತ್ತವರ ಎಣಿಕೆ ಮುಗಿಯುವ ಮೊದಲೇ ಖಳನ ಹುಡುಕಾಟ ಶುರುವಾಯಿತು. ಹಳಿಯ ಪಕ್ಕದ ಬಿಳಿಯ ಕಟ್ಟಡವೊಂದರ ಚಿತ್ರ ತೋರಿಸಿ, ಅದು ಮಸೀದಿಯೆಂದೂ ಆ ದಿನ ಶುಕ್ರವಾರವೆಂದೂ ಸೂಚಿಸಿ, ಓದುಬರಹ ಬಲ್ಲವರೇ ಊರೂರಿಗೆ ಗುಲ್ಲು ಹಂಚಿದರು. ಅದು ಇಸ್ಕಾನಿನವರ ಕೃಷ್ಣಮಂದಿರ! ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಕಂಡದ್ದು ಇಷ್ಟು: ಸಿಗ್ನಲ್ಲಿನ ತಂತಿ ಜೋಡಿಸುವುದರಲ್ಲಿ ಹಿಂದೊಮ್ಮೆ ಆಗಿದ್ದ ತಪ್ಪು, ಆ ದಿನ ಗೇಟಿನ ಬಳಿ ನಡೆದ ದುರಸ್ತಿಯಲ್ಲಿ ಆದ ಇನ್ನೊಂದು ತಪ್ಪು. ಇಂಥದೇ ತಂತಿದೋಷ ೨೦೨೨ರಲ್ಲಿ ಅದೇ ರೈಲ್ವೆ ವಲಯದ ಬೇರೊಂದು ನಿಲ್ದಾಣದಲ್ಲಿ ಬಯಲಾಗಿತ್ತು. ಆಗಲೇ ಎಚ್ಚೆತ್ತು ತಿದ್ದಿದ್ದರೆ ಈ ಅಪಘಾತ ಆಗುತ್ತಿರಲಿಲ್ಲ ಎಂದೂ ವರದಿ ಹೇಳಿತು. ಗುಲ್ಲನ್ನು ಓದಿದವರಲ್ಲಿ ಎಷ್ಟು ಮಂದಿ ವರದಿಯನ್ನು ಓದಿದರು? ತಂತಿಯ ಕಥೆ ರುಚಿಸುವುದಿಲ್ಲ. ನಮ್ಮ ನಾಲಿಗೆ ಖಳನ ಕಥೆಗೆ ಪಳಗಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. “ಸ್ವಾಮೀ, ಗುಲ್ಲೆಬ್ಬಿಸಿದವರು ದ್ವೇಷದಿಂದ ಎಬ್ಬಿಸಿದರು. ಅದಕ್ಕೆ ಸಿನಿಮಾವನ್ನೇಕೆ ದೂರುತ್ತೀರಿ? ಎರಡು ಗಂಟೆ ಕಾಲ ಕಳೆಯುವ ಸಾಮಗ್ರಿ ಅದು.” ದ್ವೇಷಕ್ಕೆ ಸಿನಿಮಾ ಬೇಕಿಲ್ಲವೆಂಬುದು ಒಪ್ಪತಕ್ಕ ಮಾತೇ. ಆದರೆ ನಂಬಿದವರೆಲ್ಲ ದ್ವೇಷಿಗಳಾಗಿರಲಿಲ್ಲ. ಅವರಿಗೆ ದುರಂತವೊಂದಕ್ಕೆ ಕಾರಣ ಬೇಕಿತ್ತು. ಕಾರಣವೆಂದರೆ ಒಂದು ಮುಖ ಎಂಬುದು ಅವರಿಗೆ ರೂಢಿಯಾಗಿತ್ತು. ರೂಢಿ ಎಲ್ಲಿಂದ ಬರುತ್ತದೆ? ಕೇಳಿದ ಕಥೆಗಳಿಂದ. ಕಥೆಗೆ ಮನಸ್ಸನ್ನು ತಿದ್ದುವ ಶಕ್ತಿಯಿದೆಯೆಂದು ಸಾಹಿತ್ಯ ಸಮ್ಮೇಳನಗಳಲ್ಲಿ ಸಾರುವ ನಾವು, ಕೆಡಿಸುವ ಶಕ್ತಿ ಮಾತ್ರ ಅದಕ್ಕಿಲ್ಲವೆನ್ನುವುದು ಯಾವ ನ್ಯಾಯ?

ಈಗ ಆ ಮೂರನೆಯವರ ಮಾತು. ಈ ಬಗೆಯ ಕಥೆ ನಮ್ಮಲ್ಲಿ ಹೊಸದೇನಲ್ಲ. ವ್ಯಾಸಭಾರತದ ಅರಗಿನ ಮನೆಯಲ್ಲಿ ಎಲ್ಲವೂ ಇದೆ: ಒಳಗೆ ಸಿಕ್ಕಿಬಿದ್ದ ಕುಟುಂಬ, ಹೊರಗಿನ ಖಳ, ಬೆಂಕಿ, ಸುರಂಗದಲ್ಲಿ ಪಾರಾಗುವ ವೀರರು. ಆದರೆ ವ್ಯಾಸರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ರಾತ್ರಿ ಉಂಡು ಕುಡಿದು ಅಲ್ಲಿಯೇ ಮಲಗಿದ್ದ ಬೇಡತಿಯೊಬ್ಬಳೂ ಅವಳ ಐವರು ಮಕ್ಕಳೂ ಬೂದಿಯಾದರೆಂಬುದನ್ನು ಬಚ್ಚಿಡದೆ ಹೇಳಿದರು. ಆ ಆರು ಹೆಣಗಳಿಂದಲೇ ಪಾಂಡವರು ಸತ್ತರೆಂದು ಲೋಕ ನಂಬಿತು. ನಾಯಕರು ಬದುಕಿದ್ದಕ್ಕೆ ಯಾರು ಬೆಲೆ ತೆತ್ತರೆಂಬ ಲೆಕ್ಕವನ್ನು ಮಹಾಕವಿ ಓದುಗನ ಮುಂದೆ ಬಿಚ್ಚಿಟ್ಟ. ‘ಕಸ್ಸಾಂಡ್ರಾ ಕ್ರಾಸಿಂಗ್’ನ ಕೊನೆಯಲ್ಲಿ ಗಾಡಿ ಎರಡಾಗುತ್ತದೆ. ತಾರೆಯರಿದ್ದ ಹಿಂದಿನ ಭಾಗ ಉಳಿಯುತ್ತದೆ. ಮುಂದಿನ ಭಾಗ ಸೇತುವೆಯೊಡನೆ ಕೆಳಗೆ ಬೀಳುತ್ತದೆ. ಆ ಡಬ್ಬಿಗಳಲ್ಲಿದ್ದವರಲ್ಲಿ ಎಷ್ಟು ಜನರ ಹೆಸರು ನೋಡಿದವರಿಗೆ ನೆನಪಿದೆ? ಬೀಳುವ ಡಬ್ಬಿಗಳು ಕಣ್ಣಿಗೆ ಹಬ್ಬ. ಉಳಿದವರ ಆಲಿಂಗನ ಮನಸ್ಸಿಗೆ ಸಮಾಧಾನ. ಅಲ್ಲಿಗೆ ಲೆಕ್ಕ ಚುಕ್ತಾ.

ತೆರೆಯ ಮೇಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಜನರಲ್ ಡಬ್ಬಿಯೇ ಇರುವುದಿಲ್ಲ. ನಮ್ಮ ಗಾಡಿಗಳಲ್ಲಿ ಅದು ಬಹುಮಟ್ಟಿಗೆ ಎಂಜಿನ್ನಿನ ಹಿಂದೆ ಅಥವಾ ಎಲ್ಲಕ್ಕೂ ಕೊನೆಯಲ್ಲಿ ಇರುತ್ತದೆ. ಮುಂದಿನಿಂದ ಬಡಿದರೂ ಹಿಂದಿನಿಂದ ಬಡಿದರೂ ಮೊದಲ ಪೆಟ್ಟು ಅದಕ್ಕೆ. ಅದರಲ್ಲಿ ಹೋಗುವವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಬಹಾನಗಾದಲ್ಲಿ ಸತ್ತವರ ಪೈಕಿ ೨೮ ದೇಹಗಳನ್ನು ನಾಲ್ಕು ತಿಂಗಳು ಕಾದರೂ ಯಾರೂ ಗುರುತಿಸಿ ಒಯ್ಯಲಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಅವನ್ನು ಭುವನೇಶ್ವರದಲ್ಲಿ ದಹನ ಮಾಡಿದರು. ಮುಂಗಡ ಟಿಕೆಟ್ಟು ಕೊಂಡು, ಗಾಳಿಯಾಡುವ ಸ್ಥಳ ನೋಡಿ ಕೂರುವ ನನ್ನಂಥವರಿಗೆ, ನಿಮ್ಮಂಥವರಿಗೆ ಆ ಡಬ್ಬಿ ನಿಲ್ದಾಣದ ತುದಿಯಲ್ಲಿ ಎಲ್ಲಿಯೋ ಇರುವ ಒಂದು ನೂಕುನುಗ್ಗಲು. ತೆರೆಯ ಮೇಲೂ ಕಾಣದಿದ್ದರೆ ಅದನ್ನು ನಾವು ಕಾಣುವುದು ಯಾವಾಗ?

ಎಲ್ಲ ಚಿತ್ರಗಳನ್ನೂ ಒಂದೇ ಕೋಲಿನಿಂದ ಹೊಡೆಯುವುದು ಅನ್ಯಾಯವಾದೀತು. ೧೯೭೫ರ ಜಪಾನೀ ಚಿತ್ರದಲ್ಲಿ, ವೇಗ ಗಂಟೆಗೆ ೮೦ ಕಿಲೋಮೀಟರಿಗಿಂತ ಕೆಳಗಿಳಿದರೆ ಸಿಡಿಯುವ ಬಾಂಬನ್ನು ಇಟ್ಟವನು ದಿವಾಳಿಯಾದ ಒಂದು ಸಣ್ಣ ಕಾರ್ಖಾನೆಯ ಯಜಮಾನ. ಅವನ ಹಿಂದೆ ಒಂದು ದೇಶದ ಏಳಿಗೆಯ ಅಡಿಗೆ ಸಿಕ್ಕವರ ಕಥೆಯಿದೆ. ‘ಟ್ರೇನ್ ಟು ಬುಸಾನ್’ನಲ್ಲಿ ಹೆಣಗಳು ಎದ್ದು ಕಚ್ಚುವುದಕ್ಕಿಂತ, ಬದುಕಿರುವ ಸಭ್ಯರು ಪಕ್ಕದ ಡಬ್ಬಿಯಿಂದ ಓಡಿಬಂದವರಿಗೆ ಬಾಗಿಲು ಹಾಕುವುದೇ ಹೆಚ್ಚು ಭಯಂಕರ. ಅಮೆರಿಕದ ‘ಅನ್‌ಸ್ಟಾಪಬಲ್’ (೨೦೧೦) ಪ್ರಯಾಣಿಕರ ಗಾಡಿಯ ಕಥೆಯಲ್ಲ, ಸರಕಿನ ಗಾಡಿಯ ಕಥೆ. ೨೦೦೧ರಲ್ಲಿ ಓಹಾಯೋದಲ್ಲಿ ನಡೆದ ನಿಜಸಂಗತಿಯಿಂದ ಹುಟ್ಟಿದ ಅದರಲ್ಲಿ ಬಾಂಬಿಲ್ಲ. ಗಾಳಿಯ ಕೊಳವೆ ಜೋಡಿಸದೆ ಹೊರಟ ಉದಾಸೀನವಿದೆ. ಅಷ್ಟರಿಂದಲೇ ಪ್ರೇಕ್ಷಕ ಉಸಿರು ಬಿಗಿಹಿಡಿದು ಕೂರುತ್ತಾನೆ. ಖಳನಿಲ್ಲದೆ ಭಯಾನಕ ರಸ ಹುಟ್ಟುವುದಿಲ್ಲ ಎನ್ನುವವರಿಗೆ ಇದೇ ಉತ್ತರ.

ಕನ್ನಡದ ಕಥೆಗಾರರಲ್ಲಿಯೂ ಚಿತ್ರ ತೆಗೆಯುವವರಲ್ಲಿಯೂ ನನ್ನದೊಂದು ಕೋರಿಕೆ. ೨೦೧೩ರ ಡಿಸೆಂಬರ್ ೨೮ರ ನಸುಕಿನಲ್ಲಿ, ಬೆಂಗಳೂರಿನಿಂದ ನಾಂದೇಡಕ್ಕೆ ಹೊರಟ ಗಾಡಿಯ ಒಂದು ಹವಾನಿಯಂತ್ರಿತ ಡಬ್ಬಿಗೆ ಅನಂತಪುರ ಜಿಲ್ಲೆಯಲ್ಲಿ ಬೆಂಕಿ ಬಿದ್ದು ೨೬ ಮಂದಿ ಸತ್ತರು. ಅವರು ಹಿಂದಿನ ರಾತ್ರಿ ನಮ್ಮ ನಿಲ್ದಾಣದಲ್ಲಿಯೇ ಗಾಡಿ ಹತ್ತಿದ ಜನ. ಇಂಥ ವಸ್ತುವನ್ನು ಎತ್ತಿಕೊಂಡರೆ ದಯವಿಟ್ಟು ಅದರೊಳಗೆ ಒಬ್ಬ ಬಾಂಬಿನವನನ್ನು ತುರುಕಬೇಡಿ. ಸುಡಬಾರದ ಪರದೆ ಹೇಗೆ ಸುಡುತ್ತದೆ, ತೆರೆಯಬೇಕಾದ ಬಾಗಿಲು ಏಕೆ ತೆರೆಯುವುದಿಲ್ಲ, ಚಳಿಯಲ್ಲಿ ಹಳಿಗುಂಟ ನಡೆದು ಬೋಲ್ಟು ಬಿಗಿಮಾಡುವ ಗ್ಯಾಂಗ್‌ಮನ್ನಿನ ಮೇಲೆ ಎಷ್ಟು ಮೈಲಿಯ ಹೊರೆಯಿದೆ, ಅವನು ಬರೆದುಕೊಟ್ಟ ದೂರು ಯಾವ ಮೇಜಿನ ಮೇಲೆ ಮಲಗುತ್ತದೆ, ಇವನ್ನು ಹೇಳಿ. ನಾಯಕ ಬೇಕೆಂದರೆ ಆ ಗ್ಯಾಂಗ್‌ಮನ್ನನ್ನೇ ಮಾಡಿ.

ಓದುಗರಲ್ಲಿಯೂ ಒಂದು ಮಾತು. ಮುಂದಿನ ಅಪಘಾತದ ಸುದ್ದಿ ಬಂದಾಗ, ಅದು ಬಾರದಿರಲಿ, ‘ಯಾರು ಮಾಡಿದರು?’ ಎಂದು ಕೇಳುವ ಮೊದಲು ‘ಏನನ್ನು ಮಾಡದೆ ಬಿಟ್ಟರು?’ ಎಂದು ಕೇಳಿ. ವರದಿ ಬರುವವರೆಗೆ ಕಾಯಿರಿ. ಬಂದ ಮೇಲೆ ಓದಿರಿ. ಓದಿದ ಮೇಲೆ, ಅದರಲ್ಲಿ ಹೇಳಿದಂತೆ ನಡೆಯಿತೇ ಎಂದು ನಿಮ್ಮ ಪ್ರತಿನಿಧಿಗೆ ಒಂದು ಕಾಗದ ಬರೆಯಿರಿ.