ಗಾಜಿನ ಗೋಡೆಯ ಎರಡು ಬದಿ

ಆರಾಧನೆಯ ಸ್ಥಳದಲ್ಲಿ ಸಂಗೀತ ಕಛೇರಿ ನಡೆಯಬಹುದೇ? ವಿದ್ವತ್ಸಭೆ ಸೇರಬಹುದೇ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ಜರ್ಮನಿಯ ಲೈಪ್‌ಜಿಗ್ ನಗರದ ಸಂತ ಪೌಲರ ವಿಶ್ವವಿದ್ಯಾಲಯ ಚರ್ಚು ನೆನಪಾಗುತ್ತದೆ. ಇತಿಹಾಸದ ಮೇಷ್ಟರಾಗಿ ನಾನು ಮಹಾಯುದ್ಧದಲ್ಲಿ ಉರುಳಿದ ಕಟ್ಟಡಗಳ ಕಥೆಯನ್ನು ತರಗತಿಗಳಲ್ಲಿ ಬೇಕಾದಷ್ಟು ಹೇಳಿದ್ದೇನೆ. ಇದಾದರೋ ಯುದ್ಧದಲ್ಲಿ ಉಳಿದು, ಶಾಂತಿಕಾಲದಲ್ಲಿ ಉರುಳಿದ ಕಟ್ಟಡ.

13ನೆಯ ಶತಮಾನದಲ್ಲಿ ಡೊಮಿನಿಕನ್ ಸಂನ್ಯಾಸಿಗಳು ಕಟ್ಟಿದ ಈ ಮಂದಿರವನ್ನು 1545ರಲ್ಲಿ ಮಾರ್ಟಿನ್ ಲೂಥರ್ ಪ್ರಾಟೆಸ್ಟಂಟ್ ಚರ್ಚಾಗಿ ಪ್ರತಿಷ್ಠಾಪಿಸಿದರು. ಅಲ್ಲಿ ಪ್ರಾರ್ಥನೆಯೊಂದಿಗೆ ವಿಶ್ವವಿದ್ಯಾಲಯದ ಸಮಾರಂಭಗಳೂ ನಡೆಯುತ್ತಿದ್ದವು. 1727ರಲ್ಲಿ ರಾಣಿ ಕ್ರಿಸ್ಟಿಯಾನೆಯ ಸ್ಮರಣಾರ್ಥ ಬಾಖ್ ರಚಿಸಿದ ಶೋಕಗೀತ ಅಲ್ಲಿಯೇ ಮೊದಲು ಕೇಳಿಬಂತು. 1847ರಲ್ಲಿ ಸಂಗೀತಗಾರ ಮೆಂಡೆಲ್ಸನ್ನರಿಗೆ ಅಂತಿಮ ವಿದಾಯ ಸಂದದ್ದೂ ಅಲ್ಲಿಯೇ.

1968ರ ಮೇ 30ರಂದು ಪೂರ್ವ ಜರ್ಮನಿಯ ಆಡಳಿತ ಸಿಡಿಮದ್ದಿಟ್ಟು ಅದನ್ನು ನೆಲಸಮ ಮಾಡಿತು. ಮೂರು ವಾರಗಳ ಬಳಿಕ, ಜೂನ್ 20ರಂದು, ಬಾಖ್ ಸ್ಪರ್ಧೆಯ ಸಮಾರೋಪದಲ್ಲಿ ಕಿಕ್ಕಿರಿದ ಸಭೆಯೆದುರು ಒಂದು ಬಟ್ಟೆಯ ಪರದೆ ಬಿಚ್ಚಿಕೊಂಡಿತು. ಅದರಲ್ಲಿ ಚರ್ಚಿನ ರೇಖಾಚಿತ್ರವೂ ಪುನರ್ನಿರ್ಮಾಣದ ಬೇಡಿಕೆಯೂ ಇದ್ದವು. ಚರ್ಚಿನ ಪರವಾದ ಕೂಗು ಎದ್ದದ್ದು ಸಂಗೀತದ ಸಭಾಂಗಣದಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಅದೇ ಜಾಗದಲ್ಲಿ ವಾಸ್ತುಶಿಲ್ಪಿ ಎರಿಕ್ ಫಾನ್ ಎಗೆರಾಟ್ ರೂಪಿಸಿದ ಹೊಸ ಕಟ್ಟಡ 2017ರ ಡಿಸೆಂಬರಿನಲ್ಲಿ ತೆರೆಯಿತು. ಒಂದು ಭಾಗ ವಿಶ್ವವಿದ್ಯಾಲಯದ ಸಭಾಂಗಣ, ಇನ್ನೊಂದು ಪ್ರಾರ್ಥನಾ ಸ್ಥಳ. ನಡುವೆ ಪಾರದರ್ಶಕವಾದ ಎತ್ತರದ ಗೋಡೆ. ವರ್ಷಗಟ್ಟಲೆ ವಾಗ್ವಾದಕ್ಕೆ ಕಾರಣವಾದದ್ದು ಈ ಗೋಡೆಯೇ.

ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಅನ್ಯಧರ್ಮೀಯರೂ ನಾಸ್ತಿಕರೂ ಓದುತ್ತಾರೆ. ಅಲ್ಲಿ ಒಂದೇ ಮತದ ಪೀಠ ಮೆರೆಯಬಾರದು ಎನ್ನುವವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಸ್ಫೋಟಕ್ಕೆ ಮುನ್ನ ಕೆಲವೇ ದಿನಗಳಲ್ಲಿ ಹೊರಸಾಗಿಸಿ ಉಳಿಸಿಕೊಂಡ ಸ್ಮಾರಕ ಫಲಕಗಳಿಗೆ ಹದವಾದ ಹವೆ ಬೇಕೆಂಬುದೂ ನಿಜ. ಕಲಾಕೃತಿಗಳ ರಕ್ಷಣೆಗಾಗಿ ಗೋಡೆ ಇರಲಿ. ಜನರನ್ನು ಭಕ್ತರು, ಶ್ರೋತೃಗಳು ಎಂದು ವಿಂಗಡಿಸುವುದಕ್ಕೆ ಅದು ಬೇಡ. ಬಾಖ್‌ನ ಶೋಕಗೀತ ಪ್ರಾರ್ಥನೆಯೋ ಕಛೇರಿಯೋ ಎಂದು ಕೇಳಿದರೆ ಯಾರು ತಾನೇ ಉತ್ತರಿಸಬಲ್ಲರು?

ನನ್ನ ಅಭಿಪ್ರಾಯ ಇಷ್ಟೇ: ಆರಾಧನೆಯ ವೇಳೆಗೆ ಮೊದಲ ಮರ್ಯಾದೆ ಸಲ್ಲಲಿ, ಉಳಿದ ವೇಳೆಯಲ್ಲಿ ಬಾಗಿಲು ಎಲ್ಲರಿಗೂ ತೆರೆದಿರಲಿ. ಬರಿಯ ಪ್ರಾರ್ಥನೆಗಾಗಿ ಉಳಿದ ಮಂದಿರಕ್ಕೆ ಆಪತ್ತು ಬಂದರೆ ಭಕ್ತರಷ್ಟೇ ಮರುಗುತ್ತಾರೆ; ಹಾಡಿಗೂ ವಿದ್ಯೆಗೂ ನೆಲೆಯಿತ್ತ ಮಂದಿರಕ್ಕಾಗಿ ಊರೇ ಮರುಗುತ್ತದೆ.